ಸಮುದ್ರವನ್ನೇ ನೋಡದ ವಿದ್ಯಾರ್ಥಿಗಳಿಗೆ ಸಮುದ್ರದ ಪಾಠ ಎಲ್ಲಿಂದ ಶುರು ಮಾಡಲಿ?

ಡಿಗ್ರಿ ಮೊದಲ ವರ್ಷದವರು, ಅರ್ಧದಷ್ಟು ಜನ ಸಮುದ್ರವನ್ನೇ ನೋಡಿಲ್ಲ ಅಂತ ಬರೆದಿದ್ದೀರಿ. ನಾನು ಹರಿಹರದ ಕಡೆ ಭೂಗೋಳ ಪಾಠ ಮಾಡುತ್ತೇನೆ, ನನ್ನ ಕ್ಲಾಸೂ ಹಾಗೇ. ಮೊದಲೆರಡು ವರ್ಷ ಖಂಡಾವರಣ ಪ್ರದೇಶ (ದಡದ ಪಕ್ಕದ, ಆಳ ಕಡಿಮೆ ಇರೋ ಸಮುದ್ರತಳ), ಖಂಡಾವರಣ ಇಳಿಜಾರು (ಅದರಾಚೆ ಆಳಕ್ಕೆ ಇಳಿಯೋ ತಳ) ಅಂತ ಸುಮ್ನೆ ನೋಟ್ಸ್ ಬರೆಸಿದೆ. ಹಿಂದಿನ ಬೆಂಚು ನಿದ್ದೆ ಮಾಡಿತು.

ಈಗ ಎರಡು ಗಾಜಿನ ಲೋಟದಿಂದ ಶುರು ಮಾಡುತ್ತೇನೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿದ ನೀರು. ಸಮುದ್ರದ ಉಪ್ಪು ಸರಾಸರಿ ಅಷ್ಟೇ. ನೀಲಿ ಶಾಯಿ ಬೆರೆಸಿ ಮಾಡಿದ ಐಸ್ ತುಂಡನ್ನು ಎರಡಕ್ಕೂ ಹಾಕಿ. ಹಾಕೋ ಮುಂಚೆ ಕೇಳಿ: ಯಾವುದರಲ್ಲಿ ಬೇಗ ಕರಗುತ್ತೆ? ನನ್ನ ಕ್ಲಾಸಲ್ಲಿ ಹೆಚ್ಚಿನವರು ಉಪ್ಪುನೀರು ಅಂತಾರೆ.

ಗೆಲ್ಲೋದು ನಲ್ಲಿ ನೀರು. ಅಲ್ಲಿ ಕರಗಿದ ತಣ್ಣೀರು ನೀಲಿ ಎಳೆಯಾಗಿ ತಳಕ್ಕೆ ಇಳಿಯುತ್ತೆ, ಐಸಿನ ಸುತ್ತ ಬಿಸುಪಿನ ನೀರು ಬರುತ್ತಲೇ ಇರುತ್ತೆ. ಉಪ್ಪುನೀರಿನಲ್ಲಿ ಕರಗಿದ ಸಿಹಿನೀರು ಹಗುರ. ಅದು ಮೇಲೇ ಪದರವಾಗಿ ನಿಂತು ಐಸನ್ನು ಕಂಬಳಿಯ ಹಾಗೆ ಸುತ್ತಿಕೊಳ್ಳುತ್ತೆ, ಬಿಸುಪಿನ ನೀರನ್ನು ಹತ್ತಿರ ಬಿಡಲ್ಲ.

ಇಲ್ಲಿಂದ ಬಂಗಾಳ ಕೊಲ್ಲಿಗೆ ಹೋಗೋದು ಸುಲಭ. ಗಂಗಾ, ಬ್ರಹ್ಮಪುತ್ರಾ, ಗೋದಾವರಿ ನೀರು ಸೇರೋದು ಅಲ್ಲೇ. ನಮ್ಮ ಸೇತುವೆ ಕೆಳಗಿನ ತುಂಗಭದ್ರೆಯೂ ಕೃಷ್ಣೆ ಸೇರಿ ಅಲ್ಲಿಗೇ ಹೋಗುತ್ತೆ ಅಂದಾಗ ಹುಡುಗರು ನೆಟ್ಟಗೆ ಕೂರುತ್ತಾರೆ! ಮೇಲೆ ಸಿಹಿನೀರಿನ ಪದರ ಇರೋದರಿಂದ ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬರಲ್ಲ, ಮೇಲ್ಮೈ ಬೆಚ್ಚಗೇ ಇರುತ್ತೆ. ಚಂಡಮಾರುತ ಅಲ್ಲಿ ಅರಬ್ಬೀ ಸಮುದ್ರಕ್ಕಿಂತ ಜಾಸ್ತಿ ಏಳೋಕೆ ಇದೂ ಒಂದು ಕಾರಣ. ಲವಣತೆ, ಸಾಂದ್ರತೆ ಅನ್ನೋ ಪದಗಳನ್ನು ಇದಾದ ಮೇಲೆ ಹೇಳಿ ಸಾಕು.

ಒಂದು ವರ್ಷ ಒಬ್ಬ ಹುಡುಗ ಉಪ್ಪುನೀರನ್ನು ಪೆನ್ನಿನಿಂದ ಕಲಕಿಬಿಟ್ಟ. ಪದರ ಹೋಯ್ತು, ಐಸ್ ಬೇಗ ಕರಗಿತು. ನನಗೆ ಸಿಟ್ಟು ಬಂತು. ಮಾರನೇ ದಿನ ಹೊಳೆಯಿತು, ಸಮುದ್ರದಲ್ಲಿ ಗಾಳಿ ಮಾಡೋದೂ ಅದೇ ಕೆಲಸ ಅಲ್ವಾ? ಈಗ ನಾನೇ ಒಬ್ಬರ ಕೈಲಿ ಕಲಕಿಸುತ್ತೇನೆ.

ಪಠ್ಯದ ಚಿತ್ರಗಳ ಬಗ್ಗೆ ಮಾತ್ರ ಎಚ್ಚರ. ಸಮುದ್ರ ಅಂದ್ರೆ ಆಳದ ಬಾವಿ ಅನ್ನೋ ಹಾಗೆ ಬರೆದಿರುತ್ತಾರೆ. ಸರಾಸರಿ ಆಳ ಸುಮಾರು 3,700 ಮೀಟರ್, ಪೆಸಿಫಿಕ್ ಅಗಲ 15,000 ಕಿ.ಮೀ.ಗೂ ಹೆಚ್ಚು. ಒಂದು ಎ4 ಹಾಳೆ ತೋರಿಸಿ, ಅಗಲಕ್ಕೆ ಹೋಲಿಸಿದರೆ ಸಮುದ್ರವೂ ಹೆಚ್ಚುಕಮ್ಮಿ ಅಷ್ಟೇ ತೆಳು.

ಉಬ್ಬರ ಇಳಿತಕ್ಕೆ ಅಮಾವಾಸ್ಯೆ ಹುಣ್ಣಿಮೆ ಗುರುತು ಹಾಕಿದ ಗೋಡೆ ಕ್ಯಾಲೆಂಡರ್ ಸಾಕು. ಐಸನ್ನು ಹಿಂದಿನ ದಿನವೇ ಮಾಡಿಸಿಡಿ, ಕ್ಯಾಂಟೀನ್ ಫ್ರಿಜ್ ನಂಬಬೇಡಿ.