ಒಂದೇ ಟವರ್, ಒಂದೇ ರೀಚಾರ್ಜ್, ಆದರೆ ಸ್ಪೀಡ್ ಯಾಕೆ ಒಂದೇ ಇಲ್ಲ?

ನಿಮ್ಮ ಪ್ರಶ್ನೆ ಇದು: "ಊರ ಜಾತ್ರೆ ದಿನ ಫೋನಲ್ಲಿ ಟವರ್ ಫುಲ್ ತೋರಿಸುತ್ತೆ, ಆದ್ರೂ ಒಂದು ಫೋಟೋ ಹೋಗಲ್ಲ. ನಮ್ಮ ಮನೆ ಊರಾಚೆ ಇದೆ. ಬೇರೆ ದಿನಗಳಲ್ಲೂ ಸಂಜೆ ಆದ್ರೆ ನೆಟ್ ನಿಧಾನ. ಟವರ್ ಪಕ್ಕದ ಮನೆಯವರಿಗೆ ಮಾತ್ರ ಚೆನ್ನಾಗಿ ಬರುತ್ತೆ. ಎಲ್ಲರೂ ಒಂದೇ ದುಡ್ಡು ಕೊಡ್ತೀವಿ, ಸಮನಾಗಿ ಹಂಚಬೇಕಲ್ವಾ?"

ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕಾರಿನಲ್ಲಿ ಲ್ಯಾಪ್‌ಟಾಪ್ ಮತ್ತು ನಾಲ್ಕು ಫೋನ್ ಇಟ್ಟುಕೊಂಡು ಊರೂರು ಸುತ್ತಿ ಸಿಗ್ನಲ್ ಅಳೆಯುವುದು, ಆಮೇಲೆ ಟವರಿನ ಆಂಟೆನಾ ಮತ್ತು ಸೆಟ್ಟಿಂಗ್ ಸರಿ ಮಾಡಿಸುವುದು. ಚಿಕ್ಕದಾಗಿ ಹೇಳುವುದಾದರೆ, ನಿಮಗೂ ಟವರ್ ಪಕ್ಕದ ಮನೆಯವರಿಗೂ ಸಿಗುವ ಸಮಯ ಹೆಚ್ಚುಕಡಿಮೆ ಒಂದೇ. ಆ ಸಮಯದಲ್ಲಿ ಬರುವ ಡೇಟಾ ಒಂದೇ ಅಲ್ಲ. ಇದರಲ್ಲಿ ಸ್ವಲ್ಪ ನ್ಯಾಯ ಇದೆ, ಆದರೆ ನಿಮ್ಮ ದೂರಿನಲ್ಲೂ ನಿಜ ಇದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಫೋನಿನಲ್ಲಿ ಕಾಣುವ ಆ ಸಿಗ್ನಲ್ ಕಡ್ಡಿಗಳ ವಿಷಯ. ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನುವುದನ್ನಷ್ಟೇ ಅವು ತೋರಿಸುತ್ತವೆ. ಅದೇ ಟವರಿನ ಕೆಳಗೆ ಇನ್ನೆಷ್ಟು ಜನ ಕಾಯುತ್ತಿದ್ದಾರೆ ಅನ್ನುವುದು ಅವುಗಳಲ್ಲಿ ಕಾಣುವುದಿಲ್ಲ. ಹೋಟೆಲಿನ ಬೋರ್ಡ್ ದೂರದಿಂದಲೇ ಕಾಣಿಸಿತು ಅಂದ ಮಾತ್ರಕ್ಕೆ ಒಳಗೆ ಟೇಬಲ್ ಖಾಲಿ ಇದೆ ಅಂತಲ್ಲ, ಅಲ್ವಾ?

ಇನ್ನು, ಹಂಚುವುದು ಏನನ್ನು? 4ಜಿಯಲ್ಲಿ 20 ಮೆಗಾಹರ್ಟ್ಸ್ ತರಂಗಾಂತರ ಇದ್ದರೆ ಅದನ್ನು 180 ಕಿಲೋಹರ್ಟ್ಸ್‌ನ 100 ತುಂಡು ಮಾಡಿರುತ್ತಾರೆ. ನಾವು ಅವನ್ನು ರಿಸೋರ್ಸ್ ಬ್ಲಾಕ್ ಅನ್ನುತ್ತೇವೆ. ಈ ನೂರು ಬ್ಲಾಕ್ ಯಾರಿಗೆ ಎಷ್ಟು ಅಂತ ಪ್ರತಿ ಮಿಲಿಸೆಕೆಂಡಿಗೆ ಹೊಸದಾಗಿ ತೀರ್ಮಾನ ಆಗುತ್ತದೆ. ಅಂದರೆ ಸೆಕೆಂಡಿಗೆ ಸಾವಿರ ಸಲ. 10 ಮೆಗಾಹರ್ಟ್ಸ್ ಇದ್ದರೆ 50 ಬ್ಲಾಕ್, 5 ಇದ್ದರೆ 25. ಇರುವುದು ಇಷ್ಟೇ, ಬೇಕಾದಾಗ ಹೆಚ್ಚು ಮಾಡಿಕೊಳ್ಳಲು ಬರುವುದಿಲ್ಲ.

ಹಂಚುವ ಸಾಫ್ಟ್‌ವೇರಿಗೆ ಶೆಡ್ಯೂಲರ್ ಅಂತ ಹೆಸರು. ನನಗೆ ಅದನ್ನು ನೋಡಿದಾಗೆಲ್ಲ ನೀರುಗಂಟಿಯೇ ನೆನಪಾಗುತ್ತಾರೆ. ಕೋಲಾರದ ಕಡೆ ನಮ್ಮ ತಾತನ ಊರಿನಲ್ಲಿ ಕೆರೆಯ ತೂಬು ತೆಗೆಯುವುದು, ಇವತ್ತು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಒಬ್ಬರದೇ ಕೆಲಸವಾಗಿತ್ತು. ಗದ್ದೆಯವರು ತಾವೇ ಮಡೆ ಕಡಿದು ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಇಲ್ಲೂ ಅಷ್ಟೇ, ಟವರ್ ಹೇಳಿದಾಗ ಹೇಳಿದಷ್ಟು ಬ್ಲಾಕನ್ನು ಮಾತ್ರ ಫೋನ್ ಬಳಸಬೇಕು.

ತೂಬಿನ ಪಕ್ಕದ ಗದ್ದೆಗೂ ಕಾಲುವೆ ಕೊನೆಯ ಗದ್ದೆಗೂ ಒಂದೊಂದು ಗಂಟೆ ನೀರು ಬಿಟ್ಟರೂ ಎರಡೂ ಒಂದೇ ರೀತಿ ನೆನೆಯುವುದಿಲ್ಲ. ಕೊನೆಗೆ ಮುಟ್ಟುವ ಹೊತ್ತಿಗೆ ನೆಲವೇ ಎಷ್ಟೋ ಕುಡಿದಿರುತ್ತದೆ. ರೇಡಿಯೋದಲ್ಲೂ ಹಾಗೇ. ಫೋನ್ ಆಗಾಗ ಟವರಿಗೆ "ನನಗೆ ಇಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ" ಅಂತ 0ಯಿಂದ 15ರ ತನಕ ಒಂದು ಅಂಕ ಕಳಿಸುತ್ತಿರುತ್ತದೆ. 15 ಅಂದರೆ ಒಂದು ಬ್ಲಾಕಿನೊಳಗೆ ಒತ್ತೊತ್ತಾಗಿ ಡೇಟಾ ತುಂಬಬಹುದು. 1 ಅಂದರೆ ಅದೇ ಮಾತನ್ನು ಬಿಡಿಸಿ ಬಿಡಿಸಿ, ಮತ್ತೆ ಮತ್ತೆ ಹೇಳಬೇಕು. 4ಜಿಯ ಮೂಲ ಪಟ್ಟಿಯಲ್ಲಿ ಇವೆರಡರ ನಡುವೆ ಸುಮಾರು 36 ಪಟ್ಟು ವ್ಯತ್ಯಾಸ ಇದೆ. ಬ್ಲಾಕ್ ಒಂದೇ, ಹಿಡಿಯುವ ಡೇಟಾ ಮೂವತ್ತಾರರಲ್ಲಿ ಒಂದು ಪಾಲು.

ಈಗ ನೀವೇ ನೀರುಗಂಟಿ ಅಂದುಕೊಳ್ಳಿ. ಇರುವುದು ಎರಡೇ ಫೋನ್. ಟವರ್ ಪಕ್ಕದ ಫೋನಿಗೆ ಎಲ್ಲ ಬ್ಲಾಕ್ ಕೊಟ್ಟರೆ 60 ಎಂಬಿಪಿಎಸ್ ಬರುತ್ತದೆ. ಊರಾಚೆಯ ನಿಮ್ಮ ಫೋನಿಗೆ ಎಲ್ಲ ಕೊಟ್ಟರೂ 6 ಬರುತ್ತದೆ. ಒಟ್ಟು ಹೆಚ್ಚು ಡೇಟಾ ಸಾಗಿಸುವುದೇ ಗುರಿ ಅಂದರೆ ಪಕ್ಕದವರಿಗೆ 60, ನಿಮಗೆ ಸೊನ್ನೆ. ಇದನ್ನು ಯಾರೂ ಒಪ್ಪುವುದಿಲ್ಲ. ನೀವು ಕೇಳಿದ ಹಾಗೆ ಇಬ್ಬರಿಗೂ ಒಂದೇ ಸ್ಪೀಡ್ ಕೊಡೋಣ ಅಂದರೆ ಇಬ್ಬರಿಗೂ ಸುಮಾರು 5.5 ಬರುತ್ತದೆ. ಆದರೆ ಅದಕ್ಕಾಗಿ ಹನ್ನೊಂದರಲ್ಲಿ ಹತ್ತು ಪಾಲು ಸಮಯ ನಿಮಗೆ ಹೋಗುತ್ತದೆ, ಅವರಿಗೆ ಒಂದು ಪಾಲು. ಒಟ್ಟು ಡೇಟಾ 60ರಿಂದ 11ಕ್ಕೆ ಬೀಳುತ್ತದೆ. ನಿಮ್ಮಂಥವರು ಹತ್ತು ಜನ ಇದ್ದರೆ ಟವರ್ ಪಕ್ಕದ ಅಂಗಡಿಯವರಿಗೂ ನೆಟ್ ಇಲ್ಲದ ಹಾಗಾಗುತ್ತದೆ. ಸಮಯವನ್ನು ಅರ್ಧರ್ಧ ಮಾಡಿದರೆ ಅವರಿಗೆ 30, ನಿಮಗೆ 3. ಇಬ್ಬರೂ ಒಬ್ಬರೇ ಇದ್ದಾಗ ಸಿಗುತ್ತಿದ್ದುದರಲ್ಲಿ ಅರ್ಧ ಬಿಟ್ಟುಕೊಟ್ಟ ಹಾಗಾಯಿತು. ಸಾಮಾನ್ಯವಾಗಿ ಟವರುಗಳು ನಡೆಯುವುದು ಈ ಮೂರನೆಯ ದಾರಿಯ ಹತ್ತಿರ.

ಹತ್ತಿರ ಅಂದೆ, ಯಾಕೆಂದರೆ ಇನ್ನೊಂದು ಜಾಣತನ ಅದರಲ್ಲಿ ಸೇರಿದೆ. ಸಿಗ್ನಲ್ ಒಂದೇ ಸಮ ಇರುವುದಿಲ್ಲ. ಒಂದು ಬಸ್ ಅಡ್ಡ ಹೋದರೆ, ನೀವು ಎರಡು ಹೆಜ್ಜೆ ಸರಿದರೆ ಏರಿಳಿತ ಆಗುತ್ತದೆ. ಶೆಡ್ಯೂಲರ್ ಪ್ರತಿ ಫೋನಿಗೂ ಒಂದು ಭಾಗಾಕಾರ ಮಾಡುತ್ತದೆ: ಈ ಕ್ಷಣ ಇದಕ್ಕೆ ಎಷ್ಟು ಸ್ಪೀಡ್ ಕೊಡಬಹುದು, ಅದನ್ನು ಇಲ್ಲಿಯವರೆಗೆ ಇದಕ್ಕೆ ಸಿಕ್ಕ ಸರಾಸರಿಯಿಂದ ಭಾಗಿಸು. ಯಾರ ಉತ್ತರ ದೊಡ್ಡದೋ ಅವರಿಗೆ ಬ್ಲಾಕ್. ಪಕ್ಕದವರದ್ದು ಈ ಕ್ಷಣ 50, ಸರಾಸರಿ 30. ಉತ್ತರ ಒಂದೂ ಮುಕ್ಕಾಲಿಗಿಂತ ಕಡಿಮೆ. ನಿಮ್ಮದು ಈ ಕ್ಷಣ 9ಕ್ಕೆ ಏರಿದೆ, ಸರಾಸರಿ 3. ಉತ್ತರ 3. ಬ್ಲಾಕ್ ನಿಮಗೆ ಬಂತು. ನಿಮ್ಮ ಸ್ಪೀಡನ್ನು ಪಕ್ಕದವರ ಸ್ಪೀಡ್ ಜೊತೆ ನೇರವಾಗಿ ಹೋಲಿಸಲಿಲ್ಲ, ಮೊದಲು ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸಿ ನೋಡಿತು. ಬಹಳ ಹೊತ್ತು ಏನೂ ಸಿಗದಿದ್ದರೆ ಸರಾಸರಿ ಇಳಿಯುತ್ತದೆ, ಆಗ ಭಾಗಾಕಾರದ ಉತ್ತರ ತಾನೇ ಏರುತ್ತದೆ. ಹಾಗಾಗಿ ಯಾರನ್ನೂ ಪೂರ್ತಿ ಮರೆಯಲು ಅದಕ್ಕೆ ಆಗುವುದಿಲ್ಲ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಈ ಯೋಚನೆಗೆ ಪ್ರಪೋರ್ಷನಲ್ ಫೇರ್‌ನೆಸ್ ಅಂತ ಹೆಸರು. ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲ್ಲಿ 1997ರಲ್ಲಿ ಇದನ್ನು ನೆಟ್‌ವರ್ಕ್‌ಗಳ ಬಗ್ಗೆ ಬರೆಯುತ್ತಾ ಮುಂದಿಟ್ಟರು. 2000ದ ಹೊತ್ತಿಗೆ ಕ್ವಾಲ್‌ಕಾಮ್ ಎಂಜಿನಿಯರುಗಳು 3ಜಿ ಡೇಟಾಗೆ ಅದನ್ನು ಅಳವಡಿಸಿದರು. ಆದರೆ 4ಜಿ, 5ಜಿಯ ನಿಯಮ ಬರೆಯುವ 3ಜಿಪಿಪಿ ಸಂಸ್ಥೆ ಶೆಡ್ಯೂಲರ್ ಹೀಗೇ ಇರಬೇಕು ಅಂತ ಹೇಳಿಲ್ಲ. ಅದು ಟವರಿನ ಯಂತ್ರ ಮಾಡುವವರಿಗೆ ಬಿಟ್ಟ ವಿಷಯ. ಒಟ್ಟು ಡೇಟಾ ಕಡೆ ವಾಲಿಸುವುದಾ, ದೂರದವರ ಕಡೆ ವಾಲಿಸುವುದಾ ಅನ್ನುವುದಕ್ಕೆ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಎಲ್ಲಿ ಇಡಬೇಕು ಅಂತ ತೀರ್ಮಾನಿಸುವವರು ಮನುಷ್ಯರೇ. ಹಾಗಾಗಿ "ಅದು ಟೆಕ್ನಿಕಲ್ ವಿಷಯ, ನಿಮಗೆ ಅರ್ಥ ಆಗಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಫೋನ್ ಕರೆಗಳು ಈ ಭಾಗಾಕಾರದಲ್ಲಿ ಕಾಯುವುದಿಲ್ಲ. 4ಜಿ ಮೇಲೆ ಹೋಗುವ ವೋಲ್ಟಿ ಕರೆಗೆ ಬೇಕಾದ ಅಷ್ಟು ಸಣ್ಣ ಪಾಲನ್ನು ಮೊದಲೇ ಎತ್ತಿಟ್ಟು, ಉಳಿದದ್ದನ್ನು ಇಂಟರ್‌ನೆಟ್‌ಗೆ ಹಂಚುತ್ತಾರೆ. ಇದು ಸರಿಯಾದ ಕ್ರಮ ಅಂತಲೇ ನನ್ನ ಅಭಿಪ್ರಾಯ.

ಈಗ ಜಾತ್ರೆಗೆ ಬರೋಣ. ಕೆಲವು ವರ್ಷದ ಹಿಂದೆ ಒಂದು ಬೆಟ್ಟದ ದೇವಸ್ಥಾನದ ತೇರಿನ ದಿನ ನಾನು ಡ್ಯೂಟಿಯಲ್ಲಿದ್ದೆ. ತೇರು ಬೀದಿಯ ಕೊನೆಯಲ್ಲಿ, ಟವರಿನಿಂದ ದೂರದಲ್ಲಿ, ಒಬ್ಬರು ಅಜ್ಜ ಕಡ್ಲೆಪುರಿ, ಬತ್ತಾಸು ರಾಶಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ದುಡ್ಡು ಬಂದಾಗ ಕೂಗುವ ಚಿಕ್ಕ ಡಬ್ಬಿ. ಗಿರಾಕಿ ಸ್ಕ್ಯಾನ್ ಮಾಡಿ ಫೋನ್ ತೋರಿಸುತ್ತಾರೆ, ಚಕ್ರ ತಿರುಗುತ್ತಲೇ ಇದೆ. ಡಬ್ಬಿ ಸುಮ್ಮನಿದೆ. "ತಡೀಯಪ್ಪಾ, ಅದು ಕೂಗ್ಲಿ" ಅಂತ ಅಜ್ಜ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಹಿಂದೆ ಆರೇಳು ಜನ ಕಾಯುತ್ತಿದ್ದರು. ಕೊನೆಗೆ ಒಬ್ಬೊಬ್ಬರೇ ಹೊರಟುಹೋದರು. ಆ ಡಬ್ಬಿಗೆ ಬೇಕಾಗಿದ್ದು ಒಂದು ಫೋಟೋಗಿಂತ ಎಷ್ಟೋ ಸಣ್ಣ ಸಂದೇಶ.

ನನ್ನ ಲ್ಯಾಪ್‌ಟಾಪಿನಲ್ಲಿ ಆ ಟವರಿನ ಬ್ಲಾಕ್ ಬಳಕೆ ಶೇಕಡಾ ನೂರರ ಹತ್ತಿರ ನಿಂತಿತ್ತು. ಆದರೆ ಆ ಅಜ್ಜನ ತೊಂದರೆ ಹಂಚಿಕೆಗಿಂತ ಒಂದು ಹೆಜ್ಜೆ ಮೊದಲೇ ಶುರುವಾಗಿತ್ತು. ಸುಮ್ಮನಿದ್ದ ಫೋನ್ ಪಾಲು ಕೇಳಬೇಕಾದರೆ ಮೊದಲು ಕೈ ಎತ್ತಬೇಕು. 4ಜಿಯಲ್ಲಿ ಅದಕ್ಕೆ 64 ಗುರುತುಗಳಿವೆ. ಫೋನ್ ಅವುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿ ಕೂಗುತ್ತದೆ. ಅದೇ ಕ್ಷಣ ಇನ್ನೊಂದು ಫೋನ್ ಅದೇ ಗುರುತನ್ನು ಕೂಗಿದರೆ ಎರಡೂ ಕಲಸಿಹೋಗಬಹುದು. ಆಗ ಸ್ವಲ್ಪ ತಡೆದು ಮತ್ತೆ ಕೂಗಬೇಕು. ಸಾವಿರಾರು ಜನ ಒಟ್ಟಿಗೆ ಫೋನ್ ತೆಗೆದಾಗ ಈ ಬಾಗಿಲಲ್ಲೇ ನೂಕುನುಗ್ಗಲು. ನೀರುಗಂಟಿಗೆ ನೀವು ಕಾಯುತ್ತಿರುವುದೇ ಗೊತ್ತಿಲ್ಲದಿದ್ದರೆ ಅವರ ನ್ಯಾಯ ನಿಮಗೆ ಹೇಗೆ ಮುಟ್ಟೀತು?

ಇದು ಸಾಲದು ಅಂತ ತೇರು ಎಳೆಯುವಾಗ ಎಲ್ಲರೂ ವೀಡಿಯೊ ಕಳಿಸುತ್ತಾರೆ. ಕಳಿಸುವ ದಿಕ್ಕು ಬೇರೆಯೇ ಕಷ್ಟ. ಟವರಿನ ರೇಡಿಯೋ 40 ವ್ಯಾಟ್‌ನಷ್ಟು ಶಕ್ತಿಯಲ್ಲಿ ಕೂಗಬಲ್ಲದು. ನಿಮ್ಮ 4ಜಿ ಫೋನಿನ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್. ದೂರದ ಫೋನಿಗೆ ಹೆಚ್ಚು ಬ್ಲಾಕ್ ಕೊಟ್ಟರೂ ಅಷ್ಟನ್ನೂ ತುಂಬಿಸಲು ಅದಕ್ಕೆ ಉಸಿರು ಸಾಲುವುದಿಲ್ಲ. ಕಡ್ಡಿ ಫುಲ್ ಇದ್ದೂ ಫೋಟೋ ಹೋಗದಿರಲು ಇದೂ ಒಂದು ಕಾರಣ. ಟವರ್ ಹೇಳಿದ್ದು ನಿಮಗೆ ಕೇಳುತ್ತದೆ, ನೀವು ಹೇಳಿದ್ದು ಆ ಗದ್ದಲದಲ್ಲಿ ಅದಕ್ಕೆ ಕೇಳುವುದಿಲ್ಲ.

ಆ ದಿನ ನಾವು ಮಾಡಿದ ಕೆಲಸ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯ ತೊಂದರೆಗೂ ಮದ್ದು ಅದರಲ್ಲೇ ಇದೆ. ಆ ಟವರಿನಲ್ಲಿ ಎರಡು ಬ್ಯಾಂಡ್, ಅಂದರೆ ತರಂಗಾಂತರದ ಎರಡು ಬೇರೆ ಬೇರೆ ಪಟ್ಟಿ ಇದ್ದವು. 900 ಮೆಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಗಲ ಕಡಿಮೆ, ಅಂದರೆ ಹಂಚಲು ಬ್ಲಾಕ್ ಕಡಿಮೆ. 2300 ದೂರ ಹೋಗುವುದಿಲ್ಲ, ಅಗಲ ಜಾಸ್ತಿ. ಟವರ್ ಬುಡದಲ್ಲಿದ್ದ ನೂರಾರು ಫೋನುಗಳು 2300 ಚೆನ್ನಾಗಿ ಸಿಗುತ್ತಿದ್ದರೂ 900ರಲ್ಲೇ ಕೂತಿದ್ದವು. ಸೆಟ್ಟಿಂಗ್ ಬದಲಿಸಿ ಅವನ್ನೆಲ್ಲ 2300ಕ್ಕೆ ತಳ್ಳಿದೆವು. ಮನೆಯಲ್ಲೇ ಬಾವಿ ಇರುವವರು ಬಾವಿ ನೀರು ಬಳಸಲಿ, ಕಾಲುವೆ ಕೊನೆಯವರಿಗೆ ಇರಲಿ ಅನ್ನುವ ಲೆಕ್ಕ. ಹತ್ತಿರದವರು ಏನೂ ಕಳೆದುಕೊಳ್ಳಲಿಲ್ಲ. ದೂರದವರಿಗೆ ಉಸಿರಾಡಲು ಜಾಗ ಆಯಿತು. ಸಂಜೆ ಹೊತ್ತಿಗೆ ಅಜ್ಜನ ಡಬ್ಬಿ ಸ್ವಲ್ಪ ತಡವಾಗಿಯಾದರೂ ಕೂಗುತ್ತಿತ್ತು. ಆದರೆ ಬೆಳಿಗ್ಗೆಯ ವ್ಯಾಪಾರ ಹೋಗಿತ್ತು. ಹಿಂದಿನ ದಿನವೇ ಮಾಡಿಡಬೇಕಾದ ಕೆಲಸ ಅದು, ನನಗೆ ಈಗಲೂ ಬೇಸರ ಇದೆ.

5ಜಿ ಬಂದರೆ ಸರಿಹೋಗುತ್ತಾ ಅಂತ ಕೇಳುವವರಿದ್ದಾರೆ. 3300 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 100 ಮೆಗಾಹರ್ಟ್ಸ್ ಅಗಲ ಇದ್ದರೆ 273 ಬ್ಲಾಕ್ ಸಿಗುತ್ತವೆ. ಪ್ರತಿ ಬ್ಲಾಕ್ 4ಜಿಯದಕ್ಕಿಂತ ಎರಡರಷ್ಟು ಅಗಲ, ಹಂಚಿಕೆ ಅರ್ಧ ಮಿಲಿಸೆಕೆಂಡಿಗೆ ಒಮ್ಮೆ. ದೊಡ್ಡ ಕೆರೆಯೇ ಸರಿ. ಆದರೆ ಅದು ದೂರ ಹೋಗದ ಬ್ಯಾಂಡ್, ಮೊದಲ ಲಾಭ ಟವರ್ ಪಕ್ಕದವರಿಗೇ. ಅವರು 4ಜಿ ಬಿಟ್ಟು ಅಲ್ಲಿಗೆ ಹೋದರೆ ನಿಮಗೂ ಸ್ವಲ್ಪ ಅನುಕೂಲ ಆಗುತ್ತದೆ.

ನೀವು "ಒಂದೇ ದುಡ್ಡು" ಅಂದಿರಿ. ಹೆಚ್ಚು ದುಡ್ಡು ಕೊಟ್ಟವರನ್ನು ಸಾಲಿನಲ್ಲಿ ಮುಂದೆ ಬಿಡುವ ಪ್ರಯತ್ನವೂ ನಮ್ಮ ದೇಶದಲ್ಲಿ ನಡೆದಿದೆ. ದುಬಾರಿ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಆದ್ಯತೆ ಕೊಡುತ್ತೇವೆ ಅಂದ ಎರಡು ಕಂಪನಿಗಳ ಪ್ಲಾನ್‌ಗಳನ್ನು 2020ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಡೆಹಿಡಿಯಲು ಹೇಳಿತು. ಉಳಿದವರ ಸೇವೆಗೆ ಪೆಟ್ಟು ಬೀಳುತ್ತದೆಯೇ ಅನ್ನುವುದೇ ಆಗಿನ ಮುಖ್ಯ ಪ್ರಶ್ನೆ. ವಿಷಯ ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ಟ್ರಾಯ್ ಕೇಳಿದ್ದು ಸರಿಯಾದ ಪ್ರಶ್ನೆ ಅಂತ ನಾನು ನಂಬಿದ್ದೇನೆ. ನೂರು ಬ್ಲಾಕಿನಲ್ಲಿ ಒಬ್ಬರಿಗೆ ಹೆಚ್ಚು ಕೊಟ್ಟರೆ ಅದು ಇನ್ನೊಬ್ಬರ ಪಾಲಿನಿಂದಲೇ ಬರಬೇಕು. ಆಂಬ್ಯುಲೆನ್ಸಿಗೆ, ಪೊಲೀಸರಿಗೆ ಮೊದಲು ದಾರಿ ಬಿಡಿ ಅಂದರೆ ಎಲ್ಲರೂ ಬಿಡುತ್ತಾರೆ. ವೀಡಿಯೊ ನೋಡುವ ಇಬ್ಬರಲ್ಲಿ ಶ್ರೀಮಂತರಿಗೆ ಮೊದಲು ಬಿಡಿ ಅನ್ನುವುದು ಬೇರೆ ಮಾತು.

ನಿಮ್ಮ ಮನೆಯ ವಿಷಯದಲ್ಲಿ ನನಗೆ ಹೆಚ್ಚು ಕೋಪ ಬರುವುದು ಸರಾಸರಿಯ ಮೇಲೆ. ಟವರಿನ ಸರಾಸರಿ ಸ್ಪೀಡ್ ಚೆನ್ನಾಗಿದ್ದರೆ ವರದಿಯಲ್ಲಿ ಹಸಿರು ಬಣ್ಣ ಬರುತ್ತದೆ, ಯಾರೂ ಮುಟ್ಟುವುದಿಲ್ಲ. ಅವರ 30 ಮತ್ತು ನಿಮ್ಮ 3 ಸೇರಿ ಸರಾಸರಿ 16.5 ಆಗುತ್ತದೆ, ನಿಮ್ಮ 3 ಅದರಲ್ಲಿ ಕಾಣುವುದೇ ಇಲ್ಲ. 5ಜಿಗೆ ಅಂತರರಾಷ್ಟ್ರೀಯ ಗುರಿ ಹಾಕಿದಾಗ ಕೊನೆಯ ಶೇಕಡಾ 5ರಷ್ಟು ಬಳಕೆದಾರರಿಗೆ ಎಷ್ಟು ಸಿಗಬೇಕು ಅಂತ ಪ್ರತ್ಯೇಕವಾಗಿ ಬರೆದಿದ್ದಾರೆ. ಆ ಅಂಕಿಯನ್ನೇ ನಾವು ದಿನವೂ ಮೊದಲು ನೋಡಬೇಕು.

ಹಾಗಾಗಿ ದೂರು ಕೊಡುವಾಗ "ನೆಟ್ ಸ್ಲೋ" ಅಂತ ಮಾತ್ರ ಬರೆಸಬೇಡಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಹಾಕಿಕೊಂಡು ಒಂದು ವಾರ ಬೆಳಗಿನ ಜಾವ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ, ಒಂದೇ ಜಾಗದಲ್ಲಿ ನಿಂತು ಅಳೆಯಿರಿ. ಬೆಳಗಿನ ಜಾವ ಚೆನ್ನಾಗಿದ್ದು ರಾತ್ರಿ ಮಾತ್ರ ಬಿದ್ದರೆ ಅದು ಜನ ಜಾಸ್ತಿಯಾದ ತೊಂದರೆ, ಬ್ಯಾಂಡ್ ಸರಿಪಡಿಸಿ ಅಥವಾ ಹೆಚ್ಚಿಸಿ ಅಂತ ಕೇಳಿ. ಎರಡೂ ಹೊತ್ತು ಕೆಟ್ಟಿದ್ದರೆ ಅದು ದೂರದ ತೊಂದರೆ, ಆಂಟೆನಾ ತಿರುಗಿಸಬೇಕು ಅಥವಾ ಇನ್ನೊಂದು ಟವರ್ ಬೇಕು. ಅಕ್ಕಪಕ್ಕದ ನಾಲ್ಕು ಮನೆಯವರಿಂದಲೂ ಬೇರೆ ಬೇರೆ ದೂರು ಕೊಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಂಕಿಗಳು ಬಂದ ಮೇಲೆ ಇಲ್ಲೇ ಕೆಳಗೆ ಹಾಕಿ, ಯಾವ ತೊಂದರೆ ಅಂತ ನೋಡಿ ಹೇಳುತ್ತೇನೆ.