ಸಕ್ಕರೆ ಬಿಟ್ಟವರು ಹಣ್ಣು ತಿನ್ನಬಹುದಾ?

ಕಾಫಿಗೆ ಸಕ್ಕರೆ ನಿಲ್ಲಿಸಿದ್ದೀರಿ, ಸ್ವೀಟ್ ಮುಟ್ಟುತ್ತಿಲ್ಲ. ಈಗ ಯಾರೋ "ಹಣ್ಣಲ್ಲೂ ಸಕ್ಕರೆನೇ ಇರೋದು, ಅದನ್ನೂ ಬಿಡು" ಅಂದಿದ್ದಾರೆ, ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಸಕ್ಕರೆ ಬಿಟ್ಟು ಕೆಲವು ವರ್ಷ ಆಯಿತು, ಹಣ್ಣು ಬಿಟ್ಟಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಬಾಯಿ ಸಿಹಿ ಬೇಡುತ್ತದಲ್ಲ, ಆಗ ತಳ್ಳುಗಾಡಿಯವನ ಹತ್ತಿರ ಉಪ್ಪು-ಖಾರ ಹಾಕಿಸಿಕೊಂಡ ಸೀಬೆಹಣ್ಣು ಇಲ್ಲದೆ ಹೋಗಿದ್ದರೆ ಬಿಸ್ಕತ್ತಿಗೆ ಕೈ ಹಾಕುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಒಂದು ಮಿತಿ ಹೇಳಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, 25ರೊಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಡಿಯಾಗಿ ತಿನ್ನುವ ಹಣ್ಣಿನ ಸಕ್ಕರೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಜೇನುತುಪ್ಪ ಬರುತ್ತದೆ. ಹಣ್ಣಿನ ಜ್ಯೂಸೂ ಬರುತ್ತದೆ!

ಜ್ಯೂಸ್ ಅಂಗಡಿಯಲ್ಲಿ ಒಂದು ಸಲ ನಿಂತು ನೋಡಿ. ಒಂದು ಲೋಟ ಮೂಸಂಬಿ ಜ್ಯೂಸಿಗೆ ಮೂರು-ನಾಲ್ಕು ಹಣ್ಣು ಹೋಗುತ್ತವೆ. ರಸ ಲೋಟಕ್ಕೆ, ನಾರೆಲ್ಲ ಬಕೆಟ್ಟಿಗೆ. ಆಮೇಲೆ ಕೇಳದೇನೇ ಎರಡು ಚಮಚ ಸಕ್ಕರೆ. "ಶುಗರ್ ಬೇಡ" ಅಂತ ಮೊದಲೇ ಕೂಗಿ ಹೇಳಿದರೂ ಆ ನಾರು ವಾಪಸ್ ಬರುವುದಿಲ್ಲ. ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವ ಹಾಗೆ ನೋಡಿಕೊಳ್ಳುವುದೂ, ಹೊಟ್ಟೆ ತುಂಬಿಸುವುದೂ ಅದೇ ನಾರು. ನಾಲ್ಕು ಮೂಸಂಬಿ ಸುಲಿದು ತಿನ್ನಿ ಅಂದರೆ ಎರಡಕ್ಕೇ ಸಾಕಪ್ಪ ಅನಿಸುತ್ತದೆ. ಜ್ಯೂಸ್ ಆದರೆ ಎರಡು ನಿಮಿಷದಲ್ಲಿ ಖಾಲಿ, ಮೇಲೆ ಮಸಾಲೆದೋಸೆಗೂ ಜಾಗ ಇರುತ್ತದೆ.

ನಮ್ಮ ಮನೆಗಳಲ್ಲೂ ಇದೇ ಕಥೆ. ಬಾಳೆಹಣ್ಣಿಗೆ ಬೆಲ್ಲ, ಕಾಯಿಹಾಲು ಬಿದ್ದರೆ ರಸಾಯನ. ಮಾವಿನಹಣ್ಣಿಗೆ ಹಾಲು, ಸಕ್ಕರೆ ಬಿದ್ದರೆ ಸೀಕರಣೆ. ಎರಡೂ ನನಗೆ ಪ್ರಾಣ, ಆದರೆ ಅವು ಹಬ್ಬದ ಊಟದ ಬಾಬತ್ತು, "ಹಣ್ಣು ತಿಂದೆ" ಅಂತ ಬರೆದುಕೊಳ್ಳೋ ಹಾಗಿಲ್ಲ. ಸಕ್ಕರೆ ಬಿಟ್ಟೆ ಅಂತ ಬೆಲ್ಲದ ಕಾಫಿ ಕುಡಿಯುತ್ತಾ ಬಾಳೆಹಣ್ಣಿಗೆ ಹೆದರುವವರನ್ನು ಕಂಡರೆ ಮಾತ್ರ ನನಗೆ ನಗು ಬರುತ್ತದೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಸ್ವಲ್ಪ ಇರಬಹುದು, ಉಳಿದದ್ದು ಬಹುಪಾಲು ಸಕ್ಕರೆಯೇ. ಖರ್ಜೂರವನ್ನೂ ಎಣಿಸಿಯೇ ತಿನ್ನಿ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ.

ಯಾವ ಹಣ್ಣು ಅಂತ ಕೇಳಿದರೆ, ಸೀಬೆ ನನ್ನ ಮೊದಲ ಆಯ್ಕೆ. ನೂರು ಗ್ರಾಮಿಗೆ ಸಕ್ಕರೆ 9 ಗ್ರಾಂ ಆಸುಪಾಸು, ನಾರು 5 ಗ್ರಾಂ. ಬೀಜದ ಸಮೇತ ಅಗಿದು ತಿನ್ನಿ. ಪರಂಗಿ, ಕಿತ್ತಳೆ, ನೇರಳೆ ಎಲ್ಲ ಧಾರಾಳವಾಗಿ ನಡೆಯುತ್ತವೆ. ಮಾವು, ಹಲಸು, ಸಪೋಟದಲ್ಲಿ ಸಿಹಿ ಜಾಸ್ತಿ. ಹಾಗಂತ ಮೇ ತಿಂಗಳಲ್ಲಿ ಮಾವು ತಿನ್ನದೆ ಇರೋದು ಎಂಥಾ ಬದುಕು? ಅರ್ಧ ಹಣ್ಣು ಹೆಚ್ಚಿಕೊಂಡು ತಿನ್ನಿ, ಆವತ್ತು ಊಟದಲ್ಲಿ ಅನ್ನ ಒಂದು ಸೌಟು ಕಡಿಮೆ ಬಡಿಸಿಕೊಳ್ಳಿ. ಹಲಸಿನ ಹಣ್ಣು ಬಿಡಿಸುವಾಗ ಪಕ್ಕದಲ್ಲಿ ಕೂರಬೇಡಿ, ತೊಳೆಗಳ ಲೆಕ್ಕ ಸಿಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ದಿನಕ್ಕೆ ಸುಮಾರು 100 ಗ್ರಾಂ ಹಣ್ಣು. ಅಂದರೆ ಒಂದು ಸಣ್ಣ ಸೀಬೆ. ನಮ್ಮಲ್ಲಿ ಎಷ್ಟೋ ಜನ ಅಷ್ಟೂ ತಿನ್ನುವುದಿಲ್ಲ, ಸುಮ್ನೆ ಚರ್ಚೆ ಮಾಡುತ್ತಾರೆ.

ಇನ್ನೊಂದು, ಸಕ್ಕರೆ ಬಿಟ್ಟ ಕೆಲವು ವಾರಕ್ಕೆ ನಾಲಿಗೆ ಬದಲಾಗುತ್ತದೆ. ಸಪ್ಪೆ ಅನಿಸುತ್ತಿದ್ದ ಪರಂಗಿ ಕೂಡ ಸಿಹಿ ಅನಿಸತೊಡಗುತ್ತದೆ. ಅಲ್ಲಿಯವರೆಗೆ ಸ್ವಲ್ಪ ತಡೆದುಕೊಳ್ಳಿ.

ಇದೆಲ್ಲ ತೂಕ ಇಳಿಸಲೋ, ಅಭ್ಯಾಸ ಬಿಡಲೋ ಸಕ್ಕರೆ ನಿಲ್ಲಿಸಿದವರಿಗೆ. ನಿಮಗೆ ಡಯಾಬಿಟಿಸ್ ಇದೆಯಾ ಅಂತ ನೀವು ಹೇಳಿಲ್ಲ. ಇದ್ದರೆ ಎಷ್ಟು ಹಣ್ಣು ಅನ್ನುವುದನ್ನು ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನಿಸಿ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಕಾರಣಕ್ಕೆ ಬಾಳೆಹಣ್ಣು, ಎಳನೀರು ಬೇಡ ಅನ್ನುವುದೂ ಉಂಟು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದು ದಿನ ಸೀಬೆ, ಇನ್ನೊಂದು ದಿನ ಮಾವು ತಿಂದು ಎರಡು ಗಂಟೆ ಬಿಟ್ಟು ನೋಡಿ, ಬರೆದಿಟ್ಟುಕೊಂಡು ಹೋಗಿ. ಡಾಕ್ಟರಿಗೆ ಹೇಳುವುದಕ್ಕೆ ಸುಲಭ ಆಗುತ್ತದೆ.