ಪ್ರಶ್ನೋತ್ತರ: ಫ್ಯಾಕ್ಟೋರಿಯೋ ರೈಲು ಜಾಲದ ಗೋಜಲು

ಪ್ರಶ್ನೆ: ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟ ಫ್ಯಾಕ್ಟೋರಿಯೋದಲ್ಲಿ ಎರಡು ಹಳಿಗಳ ಮಾರ್ಗದಲ್ಲಿ 12 ರೈಲು ಓಡಿಸುತ್ತಿದ್ದೇನೆ, ಒಂದೊಂದಕ್ಕೂ ಒಂದು ಎಂಜಿನ್, ನಾಲ್ಕು ವ್ಯಾಗನ್. ಎಲ್ಲ ಕಡೆ ಸಿಗ್ನಲ್ ಹಾಕಿದ್ದರೂ ಜಂಕ್ಷನ್‌ನಲ್ಲಿ ಒಂದಕ್ಕೊಂದು ಅಡ್ಡ ನಿಂತುಬಿಡುತ್ತವೆ. ಏಕೆ?
– ಹಾಸನದ ಓದುಗರು

ಉತ್ತರ: ಮಾಮೂಲಿ ಸಿಗ್ನಲ್ ನೋಡುವುದು ತನ್ನ ಮುಂದಿನ ಬ್ಲಾಕ್ (ಸಿಗ್ನಲ್‌ಗಳ ನಡುವಿನ ಹಳಿ) ಖಾಲಿ ಇದೆಯೇ ಎಂದಷ್ಟೇ. ಒಳಗೆ ಬಿಟ್ಟ ರೈಲು ಆಚೆ ಹೊರಬೀಳುತ್ತದೋ ಇಲ್ಲವೋ ಎಂಬ ಗೊಡವೆ ಅದಕ್ಕಿಲ್ಲ. ಹಾಗಾಗಿ ಜಂಕ್ಷನ್ ಒಳಹೋಗುವ ಪ್ರತಿ ದಾರಿಗೂ, ಒಳಗೆ ಹಳಿಗಳು ಅಡ್ಡಹಾಯುವ ಕಡೆಗೂ ಚೈನ್ ಸಿಗ್ನಲ್ (ಮುಂದಿನ ಸಿಗ್ನಲ್ ಏನಿದೆ ಎಂದೂ ನೋಡಿ ದಾರಿ ಬಿಡುವಂಥದ್ದು) ಹಾಕಿ. ಮಾಮೂಲಿ ಸಿಗ್ನಲ್ ಹೊರದಾರಿಗೆ ಮಾತ್ರ. ಹೊರಗೆ ಕೆಂಪು ಇದ್ದರೆ ರೈಲು ಜಂಕ್ಷನ್‌ಗೆ ಕಾಲಿಡದೆ ಹೊರಗೇ ಕಾಯುತ್ತದೆ.

ಅಷ್ಟಾದರೂ ಸಿಕ್ಕಿಕೊಂಡರೆ ಅಳತೆ ನೋಡಿ. ಪ್ರತಿ ಎಂಜಿನ್, ವ್ಯಾಗನ್‌ಗೆ ಕೊಂಡಿಯೂ ಸೇರಿ 7 ಚೌಕ ಬೇಕು. ಐದಕ್ಕೆ 35. ಹೊರದಾರಿಯ ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಅಷ್ಟು ಜಾಗ ಇಲ್ಲದಿದ್ದರೆ ರೈಲಿನ ಬಾಲ ಜಂಕ್ಷನ್‌ನಲ್ಲೇ ಉಳಿಯುತ್ತದೆ. ಎರಡು ಜಂಕ್ಷನ್‌ಗಳು ತೀರಾ ಹತ್ತಿರವಿದ್ದರೆ ಮೊದಲನೆಯದರ ಹೊರದಾರಿಗೂ ಚೈನ್ ಸಿಗ್ನಲ್ಲೇ ಇರಲಿ. ಇನ್ನೊಂದು ಮಾತು: ನಮ್ಮ ರೈಲ್ವೆಯ ಜೋಡಿ ಮಾರ್ಗದಲ್ಲಿ ಗಾಡಿಗಳು ಎಡಕ್ಕೆ ಓಡುತ್ತವೆ. ಈ ಆಟದ ಸಿಗ್ನಲ್ ಕೆಲಸ ಮಾಡುವುದು ರೈಲು ಸಾಗುವ ದಿಕ್ಕಿನ ಬಲಗಡೆಗೆ. ಅಭ್ಯಾಸಬಲದಿಂದ ಎಡಹಳಿ ಹಿಡಿದರೆ ಸಿಗ್ನಲ್‌ಗಳೆಲ್ಲ ಎರಡು ಹಳಿಗಳ ನಡುವೆ ಸಿಕ್ಕಿಕೊಂಡು ಕಿರಿಕಿರಿ, ಬಲಹಳಿಯೇ ವಾಸಿ.

ಪ್ರಶ್ನೆ: ಮೂರು ಕಬ್ಬಿಣದ ಗಣಿ, ಅದಿರು ಇಳಿಸಲು ಒಂದೇ ಹೆಸರಿನ ನಾಲ್ಕು ಸ್ಟೇಷನ್. ಎಲ್ಲ ರೈಲೂ ಹತ್ತಿರದ್ದಕ್ಕೇ ಮುಗಿಬೀಳುತ್ತವೆ.
– ಮೈಸೂರಿನ ಓದುಗರು

ಉತ್ತರ: ಟ್ರೇನ್ ಲಿಮಿಟ್ (ಒಂದು ಸ್ಟೇಷನ್‌ಗೆ ಒಮ್ಮೆಗೆ ಎಷ್ಟು ರೈಲು ಬರಬಹುದೆಂಬ ಮಿತಿ) ಹಾಕಿಲ್ಲ ಅನ್ನಿಸುತ್ತದೆ. ಇಳಿಸುವ ಸ್ಟೇಷನ್‌ಗೆ 2 ಎಂದು ಕೈಯಾರೆ ಕೊಡಿ: ಪ್ಲಾಟ್‌ಫಾರ್ಮ್‌ನಲ್ಲಿ ಒಂದು, ಹಿಂದಿನ ಕಾಯುವ ಹಳಿಯಲ್ಲಿ ಒಂದು. ಕಾಯುವ ಹಳಿ ಇಲ್ಲವೆಂದರೆ 1 ಸಾಕು.

ಗಣಿಯ ಕಡೆ ಈ ಲಿಮಿಟ್ ಅದಿರಿನ ಲೆಕ್ಕಕ್ಕೆ ತಕ್ಕಂತೆ ತಾನೇ ಬದಲಾಗಲು ವೈರ್ ಬೇಕು. ಒಂದು ವ್ಯಾಗನ್‌ನಲ್ಲಿ 40 ಖಾನೆ, ಖಾನೆಗೆ 50 ಅದಿರು. ನಾಲ್ಕಕ್ಕೆ 8,000. ರೈಲಿಗೆ ತುಂಬುವ ಅದಿರಿನ ಪೆಟ್ಟಿಗೆಗಳನ್ನೆಲ್ಲ ಒಂದೇ ವೈರ್‌ನಲ್ಲಿ ಜೋಡಿಸಿ ಅರಿತ್ಮೆಟಿಕ್ ಕಾಂಬಿನೇಟರ್‌ಗೆ (ಲೆಕ್ಕ ಹಾಕುವ ಸಾಧನ) ತನ್ನಿ. ಅದಿರು ಭಾಗಿಸು 8,000, ಉತ್ತರ ಎಲ್ ಸಿಗ್ನಲ್ ಆಗಿ (ಲಿಮಿಟ್ ಹೇಳುವ ವೈರ್ ಸಂಕೇತ, ಹಳಿಯ ಸಿಗ್ನಲ್ ಅಲ್ಲ) ಸ್ಟೇಷನ್‌ಗೆ ಹೋಗಲಿ. ಭಿನ್ನರಾಶಿಯನ್ನು ಅದೇ ಬಿಟ್ಟುಬಿಡುತ್ತದೆ. ಪೂರ್ತಿ ಒಂದು ಲೋಡ್ ಸಿದ್ಧವಾಗುವವರೆಗೆ ರೈಲು ಬರುವುದಿಲ್ಲ.

ಎಡವುವುದು ಇಲ್ಲೇ. ವ್ಯಾಗನ್‌ಗೆ ಆರರಂತೆ 24 ಸ್ಟೀಲ್ ಪೆಟ್ಟಿಗೆ ತುಂಬಿದರೆ 57,600 ಅದಿರು, ಅಂದರೆ ಲಿಮಿಟ್ 7. ಖಾಲಿ ರೈಲುಗಳು ಏಳೂ ಬಂದು ಮುಖ್ಯ ಮಾರ್ಗಕ್ಕೇ ಸಾಲು ಹಚ್ಚುತ್ತವೆ. ಪೆಟ್ಟಿಗೆಯ ಕೆಂಪು ಅಡ್ಡಗೆರೆ ಎಳೆದು 14 ಖಾನೆಗಷ್ಟೇ ಅವಕಾಶ ಕೊಡಿ: 24 × 14 × 50 = 16,800. ಲಿಮಿಟ್ 2 ದಾಟುವುದೇ ಇಲ್ಲ.

ಒಟ್ಟು ರೈಲು ಎಲ್ಲ ಲಿಮಿಟ್‌ಗಳ ಮೊತ್ತಕ್ಕಿಂತ ಕನಿಷ್ಠ ಒಂದಾದರೂ ಕಡಿಮೆ ಇರಬೇಕು. ನಿಮ್ಮಲ್ಲಿ ಇಳಿಸುವ ಕಡೆಯ 8 ಮತ್ತು ಗಣಿಗಳ 6 ಸೇರಿ 14, ಹೆಚ್ಚೆಂದರೆ 13 ರೈಲು. ಗಣಿ ಬರಿದಾಗಿ ಲಿಮಿಟ್ ಸೊನ್ನೆಗಿಳಿದರೆ ಖಾಲಿ ರೈಲು ಇಳಿಸುವ ಪ್ಲಾಟ್‌ಫಾರ್ಮ್ ಬಿಟ್ಟು ಕದಲುವುದಿಲ್ಲ, ಹಿಂದಿನ ತುಂಬಿದ ರೈಲಿಗೂ ತಡೆ. 2024ರ 2.0 ಆವೃತ್ತಿಯಲ್ಲಿ ಇದಕ್ಕೆ ಇಂಟರಪ್ಟ್ (ಷರತ್ತು ಕೂಡಿದಾಗ ರೈಲನ್ನು ಬೇರೆಡೆ ಕಳಿಸುವ ನಿಯಮ) ಇದೆ: ಮುಂದಿನ ಸ್ಟೇಷನ್ ಭರ್ತಿ, ಜೊತೆಗೆ ಸರಕು ಖಾಲಿ ಎಂಬ ಎರಡೂ ಷರತ್ತು ಹಾಕಿ ಡಿಪೋಗೆ (ಖಾಲಿ ರೈಲು ನಿಲ್ಲುವ ಜಾಗ) ಕಳಿಸಿ. ಎರಡನೆಯ ಷರತ್ತು ಮರೆತರೆ ತುಂಬಿದ ರೈಲೂ ಡಿಪೋದಲ್ಲಿ ಹೋಗಿ ಕೂರುತ್ತದೆ.

ಪ್ರಶ್ನೆ: ಅದಿರು ಸಾಗಿಸುವ ಒಂದು ನೀಲಿ ಬೆಲ್ಟ್‌ಗೆ (ಸಾಗಣೆ ಪಟ್ಟಿ) ಎಷ್ಟು ರೈಲು?
– ಶಿರಸಿಯ ಓದುಗರು

ಉತ್ತರ: ನೀಲಿ ಬೆಲ್ಟ್ ಸೆಕೆಂಡಿಗೆ 45 ತುಂಡು ಸಾಗಿಸುತ್ತದೆ. ತುಂಬುವ, ಇಳಿಸುವ ಸಮಯವೂ ಸೇರಿ ಒಂದು ಸುತ್ತಿಗೆ 6 ನಿಮಿಷ ಎಂದಿಟ್ಟುಕೊಳ್ಳಿ: 360 × 45 = 16,200. ತಲಾ 8,000 ಒಯ್ಯುವ ಎರಡು ರೈಲಿಗೆ 200 ಹೆಚ್ಚಾಯಿತು, ಮೂರು ಬೇಕು. ಗಣಿಯ ಬಳಿಯೇ ಕುಲುಮೆ ಹಾಕಿದರೆ ಒಂದು ಖಾನೆಗೆ 100 ತಗಡು ಹಿಡಿಯುತ್ತದೆ, ಒಂದು ರೈಲಿಗೆ 16,000. ರೈಲು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಸಣ್ಣ ಗಣಿಗೆ ಆ ಗೋಜು ಬೇಡ. ಆರು ತಾಸಿನಲ್ಲಿ ಬರಿದಾಗುವ ಜಾಗದಿಂದ ನೂರಾರು ಕುಲುಮೆ ಕಿತ್ತು ಸಾಗಿಸುವುದೇ ದೊಡ್ಡ ಕೆಲಸವಾಗುತ್ತದೆ.